ಮಾರ್ಕೊ ಮಾಷ್ಟ್ರು

ಫುಟ್ಬಾಲ್ ಎಂದರೆ ನನಗೆ ಬಹುಕಾಲ ಒಗೆಯುವ ಕಲ್ಲಿನ ವಿಷಯವಾಗಿತ್ತು. ಮಗ ಹೈಸ್ಕೂಲಿನಲ್ಲಿದ್ದಾಗ ಸಂಜೆ ನೆಹರೂ ಮೈದಾನದಿಂದ ಮನೆ ಸೇರುವಷ್ಟರಲ್ಲಿ ಅವನ ಬಿಳಿ ಸಾಕ್ಸು ಕಾವಿ ಬಣ್ಣಕ್ಕೆ ತಿರುಗಿರುತ್ತಿತ್ತು. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಜೂನ್ ಬಂದೊಡನೆ ಕ್ರಿಕೆಟ್ಟಿನ ಹುಡುಗರು ಬ್ಯಾಟನ್ನು ಅಟ್ಟಕ್ಕೆ ಹಾಕಿದರೆ ಇವರಿಗೆ ಆಗಲೇ ಹಬ್ಬ. ಬಂದರು, ಕುದ್ರೋಳಿ, ಬೋಳಾರದ ಹುಡುಗರು, ಕಸಬಾ ಬೆಂಗ್ರೆಯಿಂದ ದೋಣಿ ದಾಟಿ ಬರುವ ಹುಡುಗರು, ಎಲ್ಲರೂ ಆ ಕೆಸರಿನಲ್ಲಿ ಒಂದೇ ಬಣ್ಣ. ಯಾರ ಮಗ ಯಾರೆಂದು ಹೆತ್ತವರಿಗೇ ಗುರುತು ಸಿಗುತ್ತಿರಲಿಲ್ಲ.

ಇವರಿಗೆ ಆಟ ಹೇಳಿಕೊಡುವವರು ಒಬ್ಬರಿದ್ದರು. ಹಗಲು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವುದು, ಸಂಜೆ ಕೊರಳಿಗೊಂದು ಸೀಟಿ. ಸಂಬಳವೇನೂ ಇಲ್ಲ. ಹುಡುಗರು ಅವರನ್ನು ಮಾಷ್ಟ್ರು ಎನ್ನುತ್ತಿದ್ದರು. ಮೂರು ವರ್ಷ ಹೀಗೆ ನಡೆಯಿತು. ನಾಲ್ಕನೆಯ ವರ್ಷ ಶಾಲೆ ಶುರುವಾಗುವಾಗ ಮಾಷ್ಟ್ರು ಊರಲ್ಲಿರಲಿಲ್ಲ, ದುಬೈಗೆ ಹೋಗಿಬಿಟ್ಟಿದ್ದರು. ನಮ್ಮೂರಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ, ಮನೆಗೊಬ್ಬರು ಹೋದವರೇ. ಆ ವರ್ಷವೇ ಈ ಹುಡುಗರ ತಂಡ ಶಾಲೆಗಳ ಪಂದ್ಯದಲ್ಲಿ ಕಪ್ಪು ಗೆದ್ದಿತು. ಫೋಟೋದಲ್ಲಿ ಹುಡುಗರ ಪಕ್ಕ ನಿಂತವರು ಬೇರೆ ಯಾರೋ.

"ಅಮ್ಮ, ಮಾಷ್ಟ್ರಿಗೆ ಗೊತ್ತಾಗ್ತದಾ?" ಎಂದು ಮಗ ಕೇಳಿದ.

"ಪೇಪರಿನಲ್ಲಿ ಬರ್ತದಲ್ಲ," ಎಂದೆ. ನಮ್ಮ ಪೇಪರು ದುಬೈಗೆ ಹೋಗುತ್ತದೋ ಇಲ್ಲವೋ ಎಂದು ನಾನು ಯೋಚಿಸಿರಲಿಲ್ಲ. ಅವನು ಯೋಚಿಸಿದ್ದ. ಮತ್ತೆ ಮಾತಾಡಲಿಲ್ಲ.

ಇದೆಲ್ಲ ಮರೆತೇ ಹೋಗಿತ್ತು. ನೆನಪು ಮಾಡಿಸಿದ್ದು ಕೊರೋನಾ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಮಗ ಕಂಪ್ಯೂಟರು ಕಟ್ಟಿಕೊಂಡು ಮನೆಗೆ ಬಂದು ಕೂತ. ಹಗಲು ಆಫೀಸು, ರಾತ್ರಿ ಟೀವಿಯಲ್ಲಿ ಬೆಂಗಳೂರು ಎಫ್‌ಸಿಯ ಆಟ. ನಾನು ಧಾರಾವಾಹಿ ಬಿಟ್ಟುಕೊಟ್ಟೆ. ಮೊದಮೊದಲು ತರಕಾರಿ ಹೆಚ್ಚುತ್ತಾ ಅರೆಗಣ್ಣಿನಲ್ಲಿ ನೋಡುತ್ತಿದ್ದವಳು ಕ್ರಮೇಣ ಈಳಿಗೆಮಣೆಯನ್ನು ಒಳಗೇ ಬಿಟ್ಟು ಬರತೊಡಗಿದೆ.

ನೀಲಿ ಅಂಗಿಯ ಈ ತಂಡ ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಎಎಫ್‌ಸಿ ಕಪ್ಪಿನ ಫೈನಲ್ ಮುಟ್ಟಿತು. ಭಾರತದ ಕ್ಲಬ್ಬೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. 2018-19ರಲ್ಲಿ ಐಎಸ್ಎಲ್ ಕಿರೀಟವೂ ಬಂತು. ಮೂರು ಹೊತ್ತೂ ಹಬ್ಬದೂಟ ಉಂಡು ರೂಢಿಯಾದ ಮನೆ. 2020-21ರಲ್ಲಿ ತಂಡ ಏಳನೆಯ ಸ್ಥಾನಕ್ಕೆ ಇಳಿಯಿತು. ನಡುವೆಯೇ ಸ್ಪೇನಿನ ತರಬೇತುದಾರ ಕಾರ್ಲೆಸ್ ಕ್ವಾಡ್ರಾಟ್ ಹೋದರು. 2021ರ ಫೆಬ್ರವರಿಯಲ್ಲಿ ಹೊಸಬರ ಹೆಸರು ಬಂತು: ಮಾರ್ಕೊ ಪೆಜ್ಜಾಯುವೋಲಿ. ಮೂರು ವರ್ಷಗಳ ಕರಾರು.

ಆ ಹೆಸರನ್ನು ನಾಲ್ಕು ಸಲ ಹೇಳಿಸಿಕೊಂಡೆ, ನಾಲಿಗೆಗೆ ಹತ್ತಲಿಲ್ಲ. ಮಾರ್ಕೊ ಮಾಷ್ಟ್ರು ಎಂದಿಟ್ಟುಕೊಂಡೆ. "ಇಟಲಿಯವರಾ?" ಎಂದರೆ ಮಗ, "ಹೆಸರು ಇಟಲಿಯದ್ದು, ಹುಟ್ಟಿದ್ದು ಜರ್ಮನಿಯಲ್ಲಿ," ಎಂದ. 1968ರಲ್ಲಿ ಮಾನ್‌ಹೈಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಇಟಲಿಗೂ ಪಶ್ಚಿಮ ಜರ್ಮನಿಗೂ 1955ರಲ್ಲಿ ಒಂದು ಒಪ್ಪಂದವಾಗಿ, ಲಕ್ಷಗಟ್ಟಲೆ ಇಟಲಿಯವರು ಜರ್ಮನಿಯ ಕಾರ್ಖಾನೆಗಳಲ್ಲಿ ದುಡಿಯಲು ಹೋದರು. ಅಂಥ ಊರುಗಳಲ್ಲಿ ಇಟಲಿಯ ಹೆಸರುಗಳು ಈಗ ಹೊರಗಿನವಲ್ಲ. ಗಲ್ಫಿಗೆ ಜನ ಕಳಿಸಿದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮೂರಿಗಂತೂ ಇಟಲಿಯಿಂದ ಬರುವ ಮಾಷ್ಟ್ರುಗಳು ಹೊಸಬರಲ್ಲ. 1878ರ ಕೊನೆಯ ದಿನ ಇಟಲಿಯ ಜೆಸ್ವಿಟ್ ಪಾದ್ರಿಗಳು ಇಲ್ಲಿ ಬಂದಿಳಿದರು. 1880ರಲ್ಲಿ ಅವರು ತೆರೆದ ಅಲೋಶಿಯಸ್ ಕಾಲೇಜಿನಲ್ಲಿ ಕಲಿತವರಿಗೆ ಲೆಕ್ಕವಿಲ್ಲ. ಬಾವುಟಗುಡ್ಡೆಯ ಆ ಕಾಲೇಜಿನ ಚಾಪೆಲ್ಲಿನ ಗೋಡೆ, ಸೂರುಗಳ ತುಂಬ ಚಿತ್ರ ಬರೆದವರು ಬೆರ್ಗಾಮೊ ಬಳಿಯ ಅಂತೋನಿಯೊ ಮೊಸ್ಕೆನಿ. 1899ರಲ್ಲಿ ಬಂದು ಸುಮಾರು ಎರಡು ವರ್ಷದಲ್ಲಿ ಅಷ್ಟನ್ನೂ ಮುಗಿಸಿದರು. 1905ರಲ್ಲಿ, ಇನ್ನೂ ಐವತ್ತೊಂದರ ವಯಸ್ಸಿನಲ್ಲಿ, ಕೊಚ್ಚಿಯಲ್ಲಿ ತೀರಿಕೊಂಡರು. ಕೆಲಸ ಇಲ್ಲಿ, ಮಣ್ಣು ಅಲ್ಲಿ.

ಮಾರ್ಕೊ ಮಾಷ್ಟ್ರ ಕತೆಗೆ ಬರುತ್ತೇನೆ. ಚೆನ್ನೈ ತಂಡಕ್ಕೆ 2014ರಲ್ಲಿ ಬಂದ ಮಾತೆರಾಝಿ, ದೆಹಲಿಗೆ 2016ರಲ್ಲಿ ಬಂದ ಝಂಬ್ರೊಟ್ಟಾ, ಇಬ್ಬರೂ ಇಟಲಿಯವರೇ, 2006ರ ವಿಶ್ವಕಪ್ ಗೆದ್ದವರು. ಹೆಸರು ಮೊದಲು ಬಂದು ಆಮೇಲೆ ಅವರು ಬಂದರು. ಇವರಿಗೆ ಅಂಥ ಹೆಸರಿಲ್ಲ. ಇವರದು ಹುಡುಗರಿಗೆ ಕಲಿಸುವ ಕಸುಬು. ಕಾರ್ಲ್ಸ್‌ರೂಹೆಯ ಕ್ಲಬ್ಬಿನಲ್ಲಿ ಎಳೆಯರ ತಂಡಗಳನ್ನು ನೋಡಿಕೊಂಡರು. ಕೊರಿಯಾದ ಸುವೊನ್‌ನಲ್ಲಿ ಸಹಾಯಕರಾಗಿದ್ದರು. ಮತ್ತೆ ಜರ್ಮನಿಗೆ ಮರಳಿ ದೇಶದ ಕಿರಿಯರ ತಂಡಗಳಿಗೆ ತರಬೇತುದಾರರಾದರು. 2009ರ ಮೇ ತಿಂಗಳಲ್ಲಿ ಮಾಗ್ಡೆಬರ್ಗ್ ಎಂಬಲ್ಲಿ, ಹದಿನೇಳರೊಳಗಿನವರ ಯುರೋಪ್ ಕಪ್ಪಿನ ಫೈನಲಿನಲ್ಲಿ, ಇವರ ಹುಡುಗರು ನೆದರ್ಲೆಂಡ್ಸನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿದರು. ಆ ಹುಡುಗರಲ್ಲಿ ಗೋಲು ಕಾಯುವ ಟೆರ್ ಸ್ಟೇಗನ್ ಇದ್ದ, ಮುಸ್ತಫಿ ಇದ್ದ, ಹದಿನಾರು ವರ್ಷದ ಮಾರಿಯೊ ಗೊಟ್ಸೆ ಇದ್ದ.

2011ರ ಜನವರಿಯಲ್ಲಿ ಮಾಷ್ಟ್ರಿಗೆ ಭಡ್ತಿ ಸಿಕ್ಕಿತು. ಹೊಫೆನ್‌ಹೈಮ್ ಹಳ್ಳಿಯ ಜನಸಂಖ್ಯೆ ಮೂರು ಸಾವಿರದ ಆಸುಪಾಸು. ಆದರೆ ಅದರ ಕ್ಲಬ್ಬು ಜರ್ಮನಿಯ ಮೊದಲ ದರ್ಜೆಯ ಲೀಗಿನಲ್ಲಿತ್ತು. ಅಲ್ಲಿ ಇವರು ಸಹಾಯಕರು. ಕೇಳದೆಯೇ ಆಟಗಾರನೊಬ್ಬನನ್ನು ಮಾರಿದರೆಂದು ದೊಡ್ಡ ಕೋಚ್ ಸಿಟ್ಟಿನಿಂದ ಬಿಟ್ಟುಹೋದಾಗ ಇವರನ್ನು ಆ ಕುರ್ಚಿಯಲ್ಲಿ ಕೂರಿಸಿದರು. ಐದು ತಿಂಗಳು, ಹನ್ನೊಂದನೆಯ ಸ್ಥಾನ. ಸೀಸನ್ ಮುಗಿದೊಡನೆ ಅದೂ ಮುಗಿಯಿತು.

ಆಮೇಲಿನದನ್ನು ಮಗ ಹೇಳಿದಾಗ ನಾನು ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟೆ. 2014ರ ಜೂನಿನಲ್ಲಿ ಮಾಷ್ಟ್ರು ಜಪಾನಿನ ಒಸಾಕಾದ ಸೆರೆಜೊ ಕ್ಲಬ್ಬಿಗೆ ಕೋಚಾದರು. ಮರುತಿಂಗಳು, ಜುಲೈ 13ರಂದು, ಬ್ರೆಜಿಲಿನ ಮರಕಾನಾ ಮೈದಾನದಲ್ಲಿ ವಿಶ್ವಕಪ್ ಫೈನಲ್. ಜರ್ಮನಿ ಮತ್ತು ಅರ್ಜೆಂಟೀನಾ, ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಬದಲಿಯಾಗಿ ಇಳಿದ ಇಪ್ಪತ್ತೆರಡರ ಗೊಟ್ಸೆ 113ನೆಯ ನಿಮಿಷದಲ್ಲಿ ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು, ನೆಲ ಮುಟ್ಟುವ ಮೊದಲೇ ಒದ್ದು ಗೋಲು ಮಾಡಿದ. ಲೋಕವೆಲ್ಲ ಅವನ ಕಾಲನ್ನು ನೋಡಿತು. ಅವನ ಹದಿನಾರರ ಮಾಷ್ಟ್ರು ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಹೊಸ ಕೆಲಸದಲ್ಲಿ. ಸೆಪ್ಟೆಂಬರಿನಲ್ಲಿ ಸೆರೆಜೊದವರೂ ಅವರನ್ನು ಬಿಟ್ಟುಕೊಟ್ಟರು. ಮುಂದೆ ಚೀನಾದ ಗುವಾಂಗ್‌ಝೌ, ಆಮೇಲೆ ಫ್ರಾಂಕ್‌ಫರ್ಟಿನ ಅಕಾಡೆಮಿ, ಎರಡೂ ಕಡೆ ಮತ್ತೆ ಕಿರಿಯರ ಕೆಲಸವೇ. ಹಾಗೆ ಸುತ್ತಿ ಬೆಂಗಳೂರು.

ಬೆಂಗಳೂರು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೊರೋನಾದಿಂದಾಗಿ ಆ ವರ್ಷದ ಐಎಸ್ಎಲ್ ಆಟಗಳೆಲ್ಲ ಗೋವೆಯಲ್ಲೇ ನಡೆದವು. ಆಟಗಾರರು ಹೋಟೆಲು ಬಿಟ್ಟು ಆಚೀಚೆ ಹೋಗುವಂತಿಲ್ಲ, ಮೈದಾನದ ಕುರ್ಚಿಗಳೆಲ್ಲ ಖಾಲಿ. ಏಷ್ಯಾ ಕಪ್ಪಿನ ಒಂದು ಪಂದ್ಯ ಏಪ್ರಿಲಿನಲ್ಲಿ ಗೋವೆಯಲ್ಲಾಯಿತು. ಮೇ ತಿಂಗಳಲ್ಲಿ ಮಾಲ್ದೀವ್ಸಿಗೆ ಹೋದವರು, ತಂಡದವರೇ ಕೆಲವರು ಕೊರೋನಾ ನಿಯಮ ಮುರಿದ ರಗಳೆಯಿಂದ ಆಡದೆ ಮರಳಿ, ಆಗಸ್ಟಿನಲ್ಲಿ ಮತ್ತೆ ಹೋದರು. ಡ್ಯೂರಾಂಡ್ ಕಪ್ ಆಡಿದ್ದು ಕೋಲ್ಕತ್ತಾದಲ್ಲಿ. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಮೆಟ್ಟಿಲುಗಳಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುವ ಹುಡುಗ ಹುಡುಗಿಯರ ಮುಂದೆ ಮಾರ್ಕೊ ಮಾಷ್ಟ್ರು ಸ್ಪರ್ಧೆಯ ಒಂದೇ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಬೆಂಗಳೂರಿನ ಕೋಚಾಗಿದ್ದರು, ಬೆಂಗಳೂರಿನ ಚಪ್ಪಾಳೆ ಕೇಳಲಿಲ್ಲ. ಸೊಸೆಯಾಗಿ ಬಂದವಳನ್ನು ಬಾಡಿಗೆ ಮನೆಯಲ್ಲಿ ಇರಿಸಿ ಅಡಿಗೆ ಸರಿಯಿಲ್ಲ ಎಂದ ಹಾಗೆ ಎಂದು ನನಗೆ ಅನ್ನಿಸಿದ್ದುಂಟು. ಮಗ ನಕ್ಕ.

ಅಡಿಗೆ ಮೊದಲಿಗೆ ಸರಿಯಿರಲೂ ಇಲ್ಲವೆನ್ನಿ. 2021ರ ನವೆಂಬರಿನಲ್ಲಿ ಮೊದಲ ಆಟ ನಾರ್ತ್ ಈಸ್ಟ್ ವಿರುದ್ಧ 4-2ರಿಂದ ಗೆದ್ದರು. ಮುಂದಿನ ಗೆಲುವಿಗೆ ಡಿಸೆಂಬರ್ 30ರ ತನಕ ಕಾಯಬೇಕಾಯಿತು. "ಇವರನ್ನು ಈಗಲೇ ಕಳಿಸ್ತಾರೆ ನೋಡು," ಎಂದು ಮಗ ವಾರಕ್ಕೊಮ್ಮೆ ಹೇಳುತ್ತಿದ್ದ. ಟೀವಿಯಲ್ಲಿ ಮಾಷ್ಟ್ರ ಮುಖ ಕಂಡಾಗಲೆಲ್ಲ ನಾನು ಆಟ ಬಿಟ್ಟು ಅವರನ್ನೇ ನೋಡುತ್ತಿದ್ದೆ. ಖಾಲಿ ಕುರ್ಚಿಗಳ ಎದುರು ಗೆರೆಯಂಚಿನಲ್ಲಿ ನಿಂತು ಹುಡುಗರಿಗೆ ಏನೋ ಕೂಗಿ ಹೇಳುತ್ತಿರುವರು. ಜನವರಿಯಲ್ಲಿ ಆಟ ಕುದುರಿತು. ಆ ತಿಂಗಳಿಡೀ ಸೋಲಿಲ್ಲ. ಫೆಬ್ರವರಿಯಲ್ಲಿ ಮತ್ತೆ ಜಾರಿತು. ಇಪ್ಪತ್ತು ಪಂದ್ಯಗಳಲ್ಲಿ ಎಂಟು ಗೆಲುವು, ಐದು ಸಮ, ಏಳು ಸೋಲು. 29 ಅಂಕ, ಆರನೆಯ ಸ್ಥಾನ. ಆಗ ಸೆಮಿಫೈನಲಿಗೆ ಹೋಗುತ್ತಿದ್ದುದು ಮೊದಲ ನಾಲ್ಕು ಸ್ಥಾನದ ತಂಡಗಳಷ್ಟೇ.

ಲೆಕ್ಕದ ಪುಸ್ತಕದಲ್ಲಿ ಇಷ್ಟೇ ಇರುವುದು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮಣಿಪುರದ ರೋಶನ್ ಸಿಂಗ್ ನವೋರೆಂ ಎಂಬ ಹುಡುಗ ಅಂಚಿನಲ್ಲಿ ಮುನ್ನುಗ್ಗುವ ಆಟಗಾರ. ಅವನನ್ನು ಹಿಂದಕ್ಕೆ ತಂದು ರಕ್ಷಣೆಯ ಬದಿಯಲ್ಲಿ ನಿಲ್ಲಿಸಿದರು. ಅಲ್ಲಿಂದಲೇ ಓಡಿ ಓಡಿ ಏಳು ಗೋಲುಗಳಿಗೆ ಚೆಂಡು ಒದಗಿಸಿಕೊಟ್ಟ. ಆ ವರ್ಷದ ಉದಯೋನ್ಮುಖ ಆಟಗಾರನ ಪ್ರಶಸ್ತಿ ಅವನಿಗೇ ಬಂತು. ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಎಂಬ ಇನ್ನೊಬ್ಬ ಸಣ್ಣವನನ್ನು ಅಲ್ಲೊಂದು ಇಲ್ಲೊಂದು ಪಂದ್ಯದಲ್ಲಿ ಇಳಿಸಿದರು. ಅನುಭವಿಗಳನ್ನು ಕೂರಿಸಿ ಮಕ್ಕಳನ್ನು ಆಡಿಸುತ್ತಾರೆಂದು ಮಗ ಬೈದದ್ದಕ್ಕೆ ಲೆಕ್ಕವಿಲ್ಲ. ನಾನು ಬಾಯಿ ಬಿಡಲಿಲ್ಲ. ಮೊದಲ ದೋಸೆ ಕಾವಲಿಗೆ ಅಂಟಿತೆಂದು ಹಿಟ್ಟು ಚೆಲ್ಲುತ್ತಾರೆಯೆ?

2022ರ ಜೂನಿನಲ್ಲಿ, ಮೂರು ವರ್ಷದ ಕರಾರು ಅರ್ಧಕ್ಕೂ ಬಾರದೆ, ಮಾರ್ಕೊ ಮಾಷ್ಟ್ರು ಪೆಟ್ಟಿಗೆ ಕಟ್ಟಿದರು. ಇಂಗ್ಲೆಂಡಿನ ಸೈಮನ್ ಗ್ರೇಸನ್ ಬಂದರು. ಆ ಸೆಪ್ಟೆಂಬರ್ 18ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಡ್ಯೂರಾಂಡ್ ಕಪ್ಪಿನ ಫೈನಲ್. ಶಿಮ್ಲಾದಲ್ಲಿ 1888ರಲ್ಲಿ ಬ್ರಿಟಿಷ್ ಸೈನಿಕರಿಗಾಗಿ ಶುರುವಾದ, ನಮ್ಮ ದೇಶದ ಅತಿ ಹಳೆಯ ಕಪ್ಪು ಅದು. ಬೆಂಗಳೂರು ಎಫ್‌ಸಿ ಅದನ್ನು ಮೊದಲ ಸಲ, ಮುಂಬಯಿಯನ್ನು 2-1ರಿಂದ ಸೋಲಿಸಿ, ಗೆದ್ದಿತು. ಮೊದಲ ಗೋಲು ಶಿವಶಕ್ತಿಯದ್ದು.

ಗ್ರೇಸನ್ನರ ಶ್ರಮ ಸಣ್ಣದೆಂದು ನಾನು ಹೇಳುತ್ತಿಲ್ಲ. ಗೆಲ್ಲಿಸುವುದೂ ಒಂದು ವಿದ್ಯೆ. ಆದರೆ ಆ ರಾತ್ರಿ ನನಗೆ ನೆನಪಾದದ್ದು ಇಟಲಿಯ ಇನ್ನೊಬ್ಬ ಪ್ರವಾಸಿ, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ನಮ್ಮ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿ ಬರೆದಿಟ್ಟವರು ಎಂದರೆ ಗುರುತು ಸಿಕ್ಕೀತು. 1623ರಲ್ಲಿ ಇಕ್ಕೇರಿಗೆ ಹೋಗುವ ದಾರಿಯಲ್ಲಿ, ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ, ನಾಲ್ವರು ಹುಡುಗರು ನೆಲಕ್ಕೆ ಮರಳು ಹರಡಿಕೊಂಡು ಬೆರಳಿನಿಂದ ಬರೆಯುತ್ತಾ ರಾಗವಾಗಿ ಲೆಕ್ಕ ಹೇಳುತ್ತಿದ್ದುದನ್ನು ಅವರು ಕಂಡರು. ಮಾಷ್ಟ್ರು ಅಲ್ಲಿರಲಿಲ್ಲ. ಪಾಠ ಮರೆತರೆ ಹೇಳಿಕೊಡುವವರು ಯಾರು ಎಂದು ಅವರು ವಿಚಾರಿಸಿದರು. ನಾಲ್ವರೂ ಒಂದೇ ಭಾಗವನ್ನು ಒಟ್ಟಿಗೆ ಮರೆಯುವುದಿಲ್ಲವಲ್ಲ, ಮರೆತವನಿಗೆ ಉಳಿದವರು ಹೇಳಿಕೊಡುತ್ತೇವೆ ಎಂದರಂತೆ ಹುಡುಗರು.

ಫೈನಲ್ ಮುಗಿದು ಹತ್ತು ನಿಮಿಷಕ್ಕೆ ಫೋನು ಬಂತು. ಮಗ ಅಷ್ಟರಲ್ಲಿ ಬೆಂಗಳೂರಿಗೆ ಮರಳಿದ್ದ.

"ಅಮ್ಮ, ನೋಡಿದ್ಯಾ?"

"ನೋಡಿದೆ. ಮಾರ್ಕೊ ಮಾಷ್ಟ್ರಿಗೆ ಗೊತ್ತಾಗಿರ್ತದಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅವನಿಗೂ ನೆಹರೂ ಮೈದಾನ ನೆನಪಾಗಿರಬೇಕು. "ಈಗ ಎಲ್ಲ ಫೋನಿನಲ್ಲೇ ಸಿಗ್ತದಲ್ಲ ಅಮ್ಮ," ಎಂದ. ಆಮೇಲೆ ಮಾತು ಬೇರೆ ಕಡೆ ಹೋಯಿತು. ಅವನಿರುವ ಕಡೆ ಭಾನುವಾರ ಬೆಳಿಗ್ಗೆ ಏಳೆಂಟು ಮಕ್ಕಳನ್ನು ಸೇರಿಸಿಕೊಂಡು ಚೆಂಡಾಡಲು ಹೋಗುತ್ತಾನಂತೆ. ಬಿಳಿ ಸಾಕ್ಸಿನ ಮಣ್ಣು ಹೋಗಲು ನೀನು ಆಗ ಏನು ಮಾಡುತ್ತಿದ್ದಿ ಎಂದು ಕೇಳಿದ. ಬಾರ್ ಸೋಪು ಉಜ್ಜಿ ರಾತ್ರಿಯಿಡೀ ನೆನೆಹಾಕು, ಬೆಳಿಗ್ಗೆ ಬಿಸಿಲಿಗೆ ಹಾಕು ಎಂದೆ.

"ಇಲ್ಲಿ ಬಾಲ್ಕನಿಗೆ ಬಿಸಿಲೇ ಬೀಳುವುದಿಲ್ಲ ಅಮ್ಮ," ಎಂದ.