ಲೇಪಕ್ಕೆ ಮುಂಚೆ ಮೈ

ನೀವು ಕಾರು ಕೊಂಡಿದ್ದೀರಿ ಎಂದಿಟ್ಟುಕೊಳ್ಳೋಣ. ಚಕ್ರದಡಿಗೆ ನಿಂಬೆಹಣ್ಣನ್ನಿಟ್ಟು, ಕುಂಬಳಕಾಯಿ ಒಡೆದು, ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದ ಮಾರನೆಯ ದಿನವೇ ಯಾರಾದರೊಬ್ಬ ಹಿತೈಷಿಗಳು ಬಂದು, "ಸೆರಾಮಿಕ್ ಕೋಟಿಂಗ್ ಮಾಡಿಸಿದಿರಾ?" ಎಂದು ವಿಚಾರಿಸುತ್ತಾರೆ. ಇಲ್ಲವೆಂದರೆ ಮಗುವಿಗೆ ಲಸಿಕೆ ಹಾಕಿಸದ ತಂದೆಯನ್ನು ನೋಡುವಂತೆ ನೋಡುತ್ತಾರೆ. ಅಂಗಡಿಯಲ್ಲಿ ಬೆಲೆ ಕೇಳಿದರೆ ಹಲವು ಸಾವಿರ ರೂಪಾಯಿ. ಗೋಡೆಯ ಮೇಲಿನ ಫಲಕದಲ್ಲಿ ಮೂರು ವರ್ಷ, ಐದು ವರ್ಷ, ಆಜೀವ ಎಂದು ಬರೆದಿರುತ್ತದೆ. ಯಾವುದನ್ನು ನಂಬಬೇಕು?

ನಮ್ಮ ನೆರೆಯವರೊಬ್ಬರು ನಂಬಿದರು. ಅವರದು ಮೂರು ವರ್ಷ ಓಡಿದ ಕಪ್ಪು ಬಣ್ಣದ ಕಾರು. ಬೆಳಿಗ್ಗೆ ಬಿಟ್ಟು ಬಂದರು, ಸಂಜೆಗೆ ಕೈಗೆ ಬಂತು. ದೀಪದ ಬೆಳಕಿನಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಮರುದಿನ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ಟಿನ ತುಂಬ ಜೇಡರ ಬಲೆಯಂತೆ ಸುರುಳಿ ಗೀರುಗಳು ಕಂಡವು. ಹೋಗಿ ಕೇಳಿದರೆ, "ಅವು ಮೊದಲೇ ಇದ್ದ ಗೀರುಗಳು ಸ್ವಾಮಿ" ಎಂಬ ಉತ್ತರ ಬಂತು. ಉತ್ತರವೇನೋ ನಿಜ. ಇದ್ದ ಗೀರುಗಳನ್ನು ತೆಗೆಯದೆ ಅವುಗಳ ಮೇಲೆಯೇ ಲೇಪವನ್ನು ಹಚ್ಚಿದ್ದರು. ಈಗ ಗೀರನ್ನು ತೆಗೆಯಬೇಕಾದರೆ ಮೊದಲು ಲೇಪವನ್ನೇ ಉಜ್ಜಿ ತೆಗೆಯಬೇಕು.

ಈ ಸಂಗತಿಯನ್ನು ಯೋಚಿಸುತ್ತಿದ್ದಾಗ, ಇದಕ್ಕೆ ಬೇಕಾದ ತಿಳಿವಳಿಕೆಯೆಲ್ಲ ನಮ್ಮ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಹಿಂದಿನಿಂದಲೂ ಬಿದ್ದುಕೊಂಡಿದೆಯಲ್ಲ ಎನಿಸಿತು. ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಈ ನಾಲ್ಕು ಊರುಗಳ ಕಡೆ ನೀವೂ ನನ್ನೊಡನೆ ಒಂದು ಸುತ್ತು ಬನ್ನಿ.

ಹೊರಡುವ ಮುನ್ನ ಒಂದು ಹಳೆಯ ಮಾತು. ವಸ್ತುವಿನ ಮೇಲೆ ಕಾಪಿನ ಲೇಪ ಹಚ್ಚುವ ಆಸೆ ಇಂದಿನದಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಒಂದನ್ನು ಹೇಳುತ್ತಾನೆ. ಎಳೆಯ ತೂಬರೆಕಾಯಿ, ಬೇಲದ ಕಾಯಿ, ಬೂರುಗದ ಹೂವು ಮೊದಲಾದವನ್ನು ನೀರಿನಲ್ಲಿ ಕುದಿಸಿ ಎಂಟರಲ್ಲಿ ಒಂದು ಪಾಲಿಗೆ ಬತ್ತಿಸಬೇಕು; ಅದಕ್ಕೆ ಗುಗ್ಗುಳ, ರಾಳ, ಅಗಸೆ, ಬಿಲ್ವ ಮುಂತಾದವನ್ನು ಅರೆದು ಸೇರಿಸಿ, ಬಿಸಿಯಾಗಿರುವಾಗಲೇ ದೇಗುಲ, ಮಾಳಿಗೆ, ವಿಗ್ರಹ, ಗೋಡೆ, ಬಾವಿಗಳಿಗೆ ಬಳಿಯಬೇಕು. ಹಾಗೆ ಬಳಿದ ಲೇಪ ಎಷ್ಟು ಕಾಲ ಬಾಳುತ್ತದೆ? ಸಾವಿರ ಗುಣಿಸು ಹತ್ತುಸಾವಿರ, ಅಂದರೆ ಒಂದು ಕೋಟಿ ವರ್ಷ! ಅಂಗಡಿಯ ಫಲಕದ 'ಆಜೀವ' ಇದರ ಮುಂದೆ ಏನೇನೂ ಅಲ್ಲ. ಲೇಪವನ್ನು ಹೊಗಳುವವನ ಮಾತು ಎಂದೂ ಸ್ವಲ್ಪ ಉದ್ದವೇ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಈಗ ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿಗೆ ಹೋಗೋಣ. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳರ ಕಾಲದ್ದು. ಸುಮಾರು 1250ರದೆಂದು ವಿದ್ವಾಂಸರು ಹೇಳುತ್ತಾರೆ. ಹೊರಗೋಡೆಯ ಶಿಲ್ಪಗಳನ್ನು ನೋಡಿ ತಣಿದ ಮೇಲೆ ನವರಂಗದೊಳಕ್ಕೆ ಕಾಲಿಡಿ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳು ಮಬ್ಬು ಬೆಳಕಿನಲ್ಲಿಯೂ ಮಿನುಗುತ್ತವೆ. ಆ ಹೊಳಪನ್ನು ಯಾವ ಎಣ್ಣೆಯೂ ಅರಗೂ ಕೊಟ್ಟದ್ದಲ್ಲ. ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತುವಾಗಿರುತ್ತದೆ, ಗಾಳಿಗೆ ಬಿದ್ದು ಕ್ರಮೇಣ ಗಟ್ಟಿಯಾಗುತ್ತದೆ. ಮೆತುವಾಗಿರುವಾಗಲೇ ಅದನ್ನು ಕಡೆದು, ಉಬ್ಬುತಗ್ಗು ಉಳಿಯದಂತೆ ಉಜ್ಜಿ ಉಜ್ಜಿ ನುಣುಪು ಮಾಡಿದ್ದಾರೆ. ಮೈ ಸಮವಾಗಿದ್ದರೆ ಬೆಳಕು ನೇರವಾಗಿ ಹಿಂದಿರುಗುತ್ತದೆ, ಕಣ್ಣಿಗೆ ಹೊಳಪಾಗಿ ಕಾಣುತ್ತದೆ. ಮೈಯಲ್ಲಿ ಗೀರುಗಳಿದ್ದರೆ ಬೆಳಕು ಅತ್ತಿತ್ತ ಚದರಿ ಮಬ್ಬಾಗುತ್ತದೆ. ಏಳುನೂರೈವತ್ತು ವರ್ಷಗಳಿಗೂ ಹಿಂದಿನ ಕಂಬಕ್ಕೂ ನಿಮ್ಮ ಕಾರಿನ ಬಾನೆಟ್ಟಿಗೂ ಈ ವಿಷಯದಲ್ಲಿ ಒಂದೇ ನಿಯಮ. ಕೋಟಿಂಗ್ ಅಂಗಡಿಯಿಂದ ಬಂದ ಕಾರಿನ ಹೊಳಪಿನಲ್ಲಿ ಬಹುಪಾಲು ಲೇಪಕ್ಕೆ ಮುಂಚೆ ಮಾಡಿದ ಪಾಲಿಶಿನದು.

ಅಲ್ಲಿಂದ ನಾಗಮಂಗಲಕ್ಕೆ. ಸೌಮ್ಯಕೇಶವ ದೇವಾಲಯದ ಈ ಊರು ಹಿತ್ತಾಳೆ ಕಂಚುಗಳ ಕೆಲಸಕ್ಕೆ ಹೆಸರಾದದ್ದು. ಮೇಣದ ಎರಕದಲ್ಲಿ ವಿಗ್ರಹ ಮಾಡುವವರ ಕ್ರಮವನ್ನು ನೀವು ಬಲ್ಲಿರಷ್ಟೆ. ಮೊದಲು ಮೇಣದಲ್ಲಿ ಮೂರ್ತಿಯನ್ನು ತಿದ್ದುತ್ತಾರೆ. ಅದರ ಮೇಲೆ ನುಣ್ಣಗೆ ಸೋಸಿದ ಮಣ್ಣಿನ ತೆಳುವಾದ ಲೇಪ, ಅದು ಒಣಗಿದ ಮೇಲೆ ಇನ್ನೊಂದು, ಅದರ ಹೊರಗೆ ಒರಟು ಮಣ್ಣಿನ ದಪ್ಪ ಹೊದಿಕೆ. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ; ಆ ಜಾಗಕ್ಕೆ ಕರಗಿದ ಲೋಹ ಬರುತ್ತದೆ. ಮೊದಲನೆಯ ತೆಳು ಲೇಪಕ್ಕೆ ದಾಕ್ಷಿಣ್ಯವೆಂಬುದಿಲ್ಲ. ದೇವರ ಕಣ್ಣ ರೆಪ್ಪೆಯನ್ನು ಅದು ಎಷ್ಟು ನಿಷ್ಠೆಯಿಂದ ಹಿಡಿಯುತ್ತದೆಯೋ, ಮೇಣದ ಮೇಲೆ ಮರೆತು ಉಳಿದ ಬೆರಳ ಗುರುತನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಆದ್ದರಿಂದ ಎರಕದವನ ದುಡಿಮೆಯೆಲ್ಲ ಮಣ್ಣು ಹಚ್ಚುವ ಮುನ್ನಿನ ತಿದ್ದುವಿಕೆಯಲ್ಲಿದೆ. ನಮ್ಮ ನೆರೆಯವರ ಕಾರಿಗೆ ಆದದ್ದೂ ಇದೇ. ತೆಳು ಲೇಪ ಗೀರುಗಳನ್ನು ಹಾಗೆಯೇ ಉಳಿಸಿಕೊಂಡಿತು.

ಇನ್ನು ಪಾಂಡವಪುರ. ಹಿರೋಡೆ ಎಂದಿದ್ದ ಈ ಊರಿಗೆ, ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟ ಕಾರಣ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಆಮೇಲೆ ಪಾಂಡವಪುರವಾಯಿತು. ಮೂರು ಹೆಸರು ಬಂದರೂ ಊರ ಮಗ್ಗುಲಿನ ಬಂಡೆ ಅದೇ ಬಂಡೆ. ಲೇಪದ ಸೀಸೆಯ ವಿಷಯವೂ ಹೀಗೆಯೇ. ಸೆರಾಮಿಕ್, ಗ್ಲಾಸ್, ಕ್ವಾರ್ಟ್ಸ್, ಗ್ರಾಫೀನ್ ಎಂದು ಚೀಟಿಗಳು ಬದಲಾಗುತ್ತವೆ. ಒಳಗಿನ ಮೂಲದ್ರವ್ಯ ಬಹುಮಟ್ಟಿಗೆ ಸಿಲಿಕಾನಿನ ಸಂಯುಕ್ತ, ನಮ್ಮ ಮರಳಿನ ಹತ್ತಿರದ ನೆಂಟ. ಹಚ್ಚಿದ ಮೇಲೆ ಅದು ಬಣ್ಣದ ಮೈಯನ್ನು ಕಚ್ಚಿಕೊಂಡು, ಗಾಳಿಯ ತೇವದೊಡನೆ ಸೇರಿ ಗಟ್ಟಿಯಾಗುತ್ತದೆ. ಸೆರಾಮಿಕ್ ಎಂಬುದು ಗ್ರೀಕರ ಕುಂಬಾರ ಮಣ್ಣಿನ ಮಾತಿನಿಂದ ಬಂದದ್ದಾದರೂ ಇಲ್ಲಿ ಕುಂಬಾರನ ಆವಗೆಯೂ ಇಲ್ಲ, ಮಡಕೆಯ ದಪ್ಪವೂ ಇಲ್ಲ.

ದಪ್ಪದ ಮಾತು ಬಂದದ್ದರಿಂದ ಕಾರಿನ ಬಣ್ಣದ ಚರಿತ್ರೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮೊದಮೊದಲ ಕಾರುಗಳಿಗೆ ಕುದುರೆ ಸಾರೋಟಿಗೆ ಬಳಿಯುವ ವಾರ್ನಿಷನ್ನೇ ಪದರ ಪದರವಾಗಿ ಬಳಿಯುತ್ತಿದ್ದರು. ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ಡ್ಯೂಕೋ ಎಂಬ ಲ್ಯಾಕರ್ ಬಂದು ಆ ಕಾಯುವಿಕೆ ತಪ್ಪಿತು. ಬಣ್ಣ, ವಾರ್ನಿಷುಗಳ ಕೆಲಸ ನಮ್ಮ ಕಡೆಗೂ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಮೈಸೂರಿನಲ್ಲಿ ಅರಗಿನ ಕಾರ್ಖಾನೆಯನ್ನು ಸ್ಥಾಪಿಸಿದರು. 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಬರುತ್ತಿರುವುದು ಅಲ್ಲಿಂದಲೇ. ಚರ್ಮ ಸವೆದು ಹೊಸತಾದಂತೆ ಆ ಅಳಿಸಲಾಗದ ಶಾಯಿಯೂ ಮರೆಯಾಗುತ್ತದೆ ಎಂಬುದನ್ನು ಮಾತ್ರ ಗಮನಿಸಿ.

ಇಂದಿನ ಕಾರಿನಲ್ಲಿ ತಗಡಿನ ಮೇಲೆ ಪ್ರೈಮರು, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನಿಮ್ಮ ತಲೆಗೂದಲಿಗಿಂತಲೂ ತೆಳು. ಬಿಸಿಲು ಮಳೆಗಳಿಂದ ಬಣ್ಣವನ್ನು ಕಾಯುವ ಆಸ್ತಿ ಇಷ್ಟೇ. ಗೀರು ತೆಗೆಯಲು ಪಾಲಿಶ್ ಹಿಡಿದಾಗಲೆಲ್ಲ ಈ ಆಸ್ತಿಯಲ್ಲಿ ಒಂದೆರಡು ಮೈಕ್ರಾನ್, ಕೈ ಒರಟಾದರೆ ಇನ್ನೂ ಹೆಚ್ಚು, ಖರ್ಚಾಗುತ್ತದೆ. ಖರ್ಚಾದದ್ದು ಮತ್ತೆ ಬಾರದು. ಸೆರಾಮಿಕ್ ಲೇಪದ ದಪ್ಪ ಒಂದೆರಡು ಮೈಕ್ರಾನಿನ ಆಸುಪಾಸು. ಅದು ಹೋದ ಕ್ಲಿಯರ್ ಕೋಟನ್ನು ತುಂಬಿಕೊಡಲಾರದು. ಈ ವ್ಯವಹಾರದಲ್ಲಿ ನಿಮಗೆ ಆಗಬಹುದಾದ ದೊಡ್ಡ ನಷ್ಟ ಹಣದ್ದಲ್ಲ ಎಂದು ನಾನು ಹೇಳುವುದು ಇದಕ್ಕೇ. ಅನನುಭವಿಯ ಕೈಗೆ ಸಿಕ್ಕಿದ ಯಂತ್ರ ಒಂದು ಗಂಟೆಯಲ್ಲಿ ಹತ್ತು ವರ್ಷದ ಕಾಪನ್ನು ಉಜ್ಜಿಹಾಕಬಲ್ಲುದು.

ಹಾಗಾದರೆ ಲೇಪದಿಂದ ಪ್ರಯೋಜನವೇ ಇಲ್ಲವೆ? ಖಂಡಿತ ಇದೆ. ಲೇಪ ಹಚ್ಚಿದ ಮೈ ಮೇಲೆ ನೀರು ತಾವರೆಯೆಲೆಯ ಮೇಲಿನಂತೆ ಮಣಿಮಣಿಯಾಗಿ ಉರುಳುತ್ತದೆ. ಆಲೆಮನೆಯ ಮಸಿ, ಕಬ್ಬಿನ ಗಾಡಿಯ ದೂಳು, ಹಕ್ಕಿಯ ಹಿಕ್ಕೆ ಬೇಗ ಕಚ್ಚಿಕೊಳ್ಳುವುದಿಲ್ಲ, ತೊಳೆಯುವುದು ಸುಲಭವಾಗುತ್ತದೆ. ಒಳ್ಳೆಯ ಕೈ ಹಚ್ಚಿದ್ದಾದರೆ, ಕೆಲವು ತಿಂಗಳಿಗೆ ಹೋಗಿಬಿಡುವ ಮೇಣದ ಪಾಲಿಶಿಗಿಂತ ಹೆಚ್ಚು ಕಾಲ, ವರ್ಷಗಳ ಲೆಕ್ಕದಲ್ಲಿ ಉಳಿಯುತ್ತದೆ. ಆದರೆ 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಸಿಡಿದ ಜಲ್ಲಿಯನ್ನು ಅದು ತಡೆಯದು. ಅದಕ್ಕೆ ನೂರೈವತ್ತು ಮೈಕ್ರಾನಿಗೂ ಮೇಲ್ಪಟ್ಟ ದಪ್ಪದ ಪಾರದರ್ಶಕ ಹಾಳೆಯನ್ನು ಅಂಟಿಸುವ ಬೇರೆ ವಿಧಾನವಿದೆ, ಅದರ ಬೆಲೆಯೂ ಬೇರೆ. '9 ಎಚ್ ಗಡಸುತನ' ಎಂಬ ಮಾತಿಗೂ ಬೆರಗಾಗಬೇಡಿ. ಅದು ಪೆನ್ಸಿಲ್ಲಿನಿಂದ ಗೀಚಿ ನೋಡುವ ಪರೀಕ್ಷೆ. ಆ ಸಾಲಿನ ಅತಿ ಗಡುಸು ಪೆನ್ಸಿಲ್ 9 ಎಚ್. ವಜ್ರಕ್ಕೆ ಹತ್ತು ಎಂದು ಎಣಿಸುವ ಖನಿಜಗಳ ಮಾಪನವೇ ಬೇರೆ. ರಸ್ತೆಯ ದೂಳಿನಲ್ಲಿರುವ ಮರಳ ಕಣ ಪೆನ್ಸಿಲ್ಲಿಗಿಂತ ಗಡುಸು. ಒಣ ಬಟ್ಟೆಯಲ್ಲಿ ದೂಳು ಒರೆಸಿದರೆ ಲೇಪವಿದ್ದರೂ ಗೀರು ಬೀಳುವುದೇ.

ಕೊನೆಗೆ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಈ ತೋಟದ ಅರಮನೆಯ ಗೋಡೆಗಳೆಲ್ಲ ಚಿತ್ರಮಯ. ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವಿದೆ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಆದರೆ ನಾವು ನೋಡುತ್ತಿರುವುದು 1784ರ ಕುಂಚವನ್ನೇ ಎಂದುಕೊಂಡರೆ ತಪ್ಪಾದೀತು. 1799ರ ಮುತ್ತಿಗೆಗೆ ಮುಂಚೆಯೇ ಆ ಚಿತ್ರಗಳು ಅಂದಗೆಟ್ಟಿದ್ದವು. ಆಮೇಲೆ ಅಲ್ಲಿ ವಾಸಮಾಡಿದ ಕರ್ನಲ್ ವೆಲ್ಲೆಸ್ಲಿ ಸರಿಪಡಿಸಿದ. ನೋಡಿಕೊಳ್ಳುವವರಿಲ್ಲದೆ ಮತ್ತೆ ಮಾಸಿಹೋದವು. 1855ರಲ್ಲಿ ಬಂದ ಲಾರ್ಡ್ ಡಾಲ್‌ಹೌಸಿ, ಮೊದಲಿನ ಚಿತ್ರವನ್ನು ನೆನಪಿಟ್ಟಿದ್ದ ಒಬ್ಬ ದೇಶೀ ಚಿತ್ರಕಾರನಿಂದ ಅವನ್ನು ಮತ್ತೆ ಬರೆಸಿದ. ಎಪ್ಪತ್ತೊಂದು ವರ್ಷದೊಳಗೆ ಎರಡು ಸಲ ಜೀರ್ಣೋದ್ಧಾರ! ಇಂದು ಆ ಚಿತ್ರಗಳ ಕಾವಲಿಗಿರುವುದು ಯಾವ ಬಗೆಯ ಕಾಪು? ಮೊಗಸಾಲೆಯ ಸುತ್ತ ಇಳಿಬಿಟ್ಟ ಹಸಿರು ಪರದೆಗಳು. ಬಿಸಿಲು ನೇರವಾಗಿ ಬೀಳದಂತೆ ನೋಡಿಕೊಳ್ಳುವುದಕ್ಕಿಂತ ಮೇಲಾದ ಉಪಾಯ ಅಲ್ಲಿಯೂ ಸಿಕ್ಕಿಲ್ಲ. ಕಾರನ್ನು ನೆರಳಿನಲ್ಲಿ ನಿಲ್ಲಿಸುವುದಕ್ಕೆ ಯಾರೂ ರಸೀತಿ ಹರಿಯುವುದಿಲ್ಲ ಎಂಬುದೇ ಅದರ ಗುಣ.

ಈ ಸುತ್ತಾಟ ಮುಗಿಸಿ ಅಂಗಡಿಗೆ ಹೋದಾಗ ಸೀಸೆಯ ಹೆಸರನ್ನು ಕಡೆಗೆ ಕೇಳಿ. ಮೊದಲು ಕೇಳಬೇಕಾದದ್ದು, ಪಾಲಿಶ್ ಹಿಡಿಯುವ ಮುನ್ನ ಬಣ್ಣದ ದಪ್ಪವನ್ನು ಅಳತೆಯ ಉಪಕರಣದಿಂದ ಅಳೆದು ತೋರಿಸುತ್ತೀರಾ ಎಂದು. ಎರಡನೆಯದು, ಪಾಲಿಶ್ ಮುಗಿದ ಮೇಲೆ, ಲೇಪ ಹಚ್ಚುವುದಕ್ಕೆ ಮುಂಚೆ, ಪ್ರಖರವಾದ ದೀಪ ಹಿಡಿದು ಮೈ ತೋರಿಸುತ್ತೀರಾ ಎಂದು. ಮೂರನೆಯದು, ದೂಳು ಬಾರದ ಮುಚ್ಚಿದ ಜಾಗವಿದೆಯೇ, ಗಾಡಿಯನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು. ಬೆಳಿಗ್ಗೆ ಬಿಟ್ಟು ಸಂಜೆ ಒಯ್ಯಿರಿ ಎಂದರೆ ಹಳೆಯ ಕಾರಿನ ಮಟ್ಟಿಗೆ ಅನುಮಾನಪಡಿ. ಎಲ್ಲಿಯಾದರೂ ಹೊಸದಾಗಿ ಬಣ್ಣ ಹೊಡೆಸಿದ್ದರೆ ಅದು ಪೂರ್ತಿ ಆರುವವರೆಗೆ ಕಾಯಬೇಕೆಂದು ಹೇಳುವವನು ಕಸಬು ಬಲ್ಲವನು. ವಾರಂಟಿಯ ಕಾಗದದಲ್ಲಿ ವರ್ಷವರ್ಷವೂ ಹಣ ತೆತ್ತು ಪರೀಕ್ಷೆ ಮಾಡಿಸಬೇಕೆಂಬ ಷರತ್ತಿದೆಯೇ ಎಂಬುದನ್ನು ರುಜು ಹಾಕುವ ಮುಂಚೆ ಓದಿ.

ಮನೆಗೆ ತಂದ ಮೇಲೆ ಮೊದಲ ದಿನ ನೀರು ಸೋಕಿಸಬೇಡಿ. ಒಂದು ವಾರ ಸೋಪು ಶಾಂಪೂ ಬೇಡ. ಆಮೇಲೆ ತೊಳೆಯುವಾಗ ನೀರು ಸುರಿದು ದೂಳನ್ನು ಇಳಿಸಿ, ಅನಂತರ ಮೆತ್ತನೆಯ ಬಟ್ಟೆ ಹಾಕಿ. ನಮ್ಮ ಕಡೆಯ ಬೋರಿನ ನೀರು ಗಡುಸು. ಬಿಸಿಲಿನಲ್ಲಿ ಹಾಗೆಯೇ ಒಣಗಲು ಬಿಟ್ಟರೆ ಸುಣ್ಣದ ಚುಕ್ಕಿ ಉಳಿಯುತ್ತದೆ, ಲೇಪವಿದ್ದ ಗಾಡಿಯ ಮೇಲೂ ಉಳಿಯುತ್ತದೆ. ಕೂಡಲೇ ಒರೆಸಿಬಿಡಿ. ಇಷ್ಟು ಮಾಡಲು ಬಿಡುವಿಲ್ಲ ಎನ್ನುವವರು ಲೇಪಕ್ಕೆ ಹಣ ಹಾಕದಿರುವುದೇ ಲೇಸು.

ನಮ್ಮ ನೆರೆಯವರು ಈಗ ಎರಡನೆಯ ಸಲ ಉಜ್ಜಿಸಬೇಕೆ ಬೇಡವೆ ಎಂದು ಯೋಚಿಸುತ್ತಿದ್ದಾರೆ. ಮೊದಲು ದಪ್ಪ ಅಳೆಸಿ, ಉಳಿದದ್ದು ಕಡಿಮೆಯೆಂದು ಕಂಡರೆ ಗೀರುಗಳೊಡನೆಯೇ ಬಾಳಿ ಎಂದು ನಾನು ಹೇಳಿದ್ದೇನೆ. ಸದ್ಯಕ್ಕೆ ಕಾರು ಅವರ ಮನೆಯ ಮುಂದಿನ ಹೊಂಗೆಯ ಮರದಡಿ ನಿಂತಿದೆ.