ಚಿಕ್ಕಬಾಣಾವರ: ವಿದೇಶಿ ವಿದ್ಯಾರ್ಥಿಗಳು ಮತ್ತು ಕಾಲೇಜುಗಳ ಹೊಣೆ

ಬೆಂಗಳೂರಿನ ವಾಯವ್ಯ ಅಂಚಿನಲ್ಲಿ, ಹೆಸರಘಟ್ಟ ಮುಖ್ಯರಸ್ತೆಯ ಮೇಲಿರುವ ಊರು ಚಿಕ್ಕಬಾಣಾವರ. ಪೀಣ್ಯ ಕೈಗಾರಿಕಾ ಪ್ರದೇಶ ಇಲ್ಲಿಗೆ ಹತ್ತಿರ. ಬೆಂಗಳೂರು–ತುಮಕೂರು ರೈಲು ಮಾರ್ಗದ ನಿಲ್ದಾಣವೂ ಇಲ್ಲಿದೆ. 1990ರಲ್ಲಿ ಆರಂಭವಾದ ಆಚಾರ್ಯ ಸಮೂಹ ಸಂಸ್ಥೆಗಳ ಕ್ಯಾಂಪಸ್ ಪಕ್ಕದ ಸೋಲದೇವನಹಳ್ಳಿಯಲ್ಲಿದೆ. ಸುತ್ತಮುತ್ತ ಇನ್ನೂ ಹಲವು ಎಂಜಿನಿಯರಿಂಗ್, ಫಾರ್ಮಸಿ, ನರ್ಸಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳಿವೆ. ಹೀಗಾಗಿ ಆಫ್ರಿಕಾದ ದೇಶಗಳಿಂದಲೂ ನೇಪಾಳದಿಂದಲೂ ಬಂದ ವಿದ್ಯಾರ್ಥಿಗಳು ಈ ಭಾಗದ ಬಾಡಿಗೆ ಮನೆ, ಪಿ.ಜಿ.ಗಳಲ್ಲಿ ಬಹುಕಾಲದಿಂದ ವಾಸವಾಗಿದ್ದಾರೆ.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2020-21ರಲ್ಲಿ ದೇಶದಲ್ಲಿ 48,035 ವಿದೇಶಿ ವಿದ್ಯಾರ್ಥಿಗಳಿದ್ದರು. ಅವರಲ್ಲಿ 8,137 ಮಂದಿ ಕರ್ನಾಟಕದಲ್ಲಿದ್ದು, ರಾಜ್ಯಗಳ ಪೈಕಿ ಇದೇ ಮೊದಲ ಸ್ಥಾನದಲ್ಲಿತ್ತು. ಇಂಗ್ಲಿಷ್ ಮಾಧ್ಯಮದ ಬೋಧನೆ, ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ಖರ್ಚು, ಬೆಂಗಳೂರಿನ ಐಟಿ ಹೆಸರು ಇದಕ್ಕೆ ಕಾರಣ. ಸೀಟಿನ ಅಡಚಣೆ ಈಗ ಹೆಚ್ಚಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ‘ಸ್ಟಡಿ ಇನ್ ಇಂಡಿಯಾ’ ಕಾರ್ಯಕ್ರಮ ಆರಂಭಿಸಿತು. ಯುಜಿಸಿ 2022ರಲ್ಲಿ ಶೇ. 25ರಷ್ಟು ಹೆಚ್ಚುವರಿ ಸೀಟುಗಳನ್ನು ವಿದೇಶಿಯರಿಗೆ ನೀಡಲು ಅವಕಾಶ ಕೊಟ್ಟಿತು. ಕಷ್ಟ ಶುರುವಾಗುವುದು ವಿದ್ಯಾರ್ಥಿ ವಿಮಾನ ಇಳಿದ ಮೇಲೆ.

ಮೊದಲ ಕಷ್ಟ ಮನೆಯದು. ಹಲವು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಬೆಂಗಳೂರಿನ ರೂಢಿ. ಅದರ ಜೊತೆಗೆ ಬ್ರೋಕರ್ ಕಮಿಷನ್ ಬೇರೆ. ಕಪ್ಪು ವರ್ಣದವರಿಗೆ ಮನೆ ಕೊಡುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಮಾಲೀಕರೂ ಇದ್ದಾರೆ. ಮನೆ ಸಿಕ್ಕರೆ ಕಾಗದಪತ್ರದ ಓಡಾಟ. 180 ದಿನಕ್ಕಿಂತ ಹೆಚ್ಚಿನ ವಿದ್ಯಾರ್ಥಿ ವೀಸಾದಲ್ಲಿ ಬಂದವರು ದೇಶ ಪ್ರವೇಶಿಸಿದ 14 ದಿನಗಳೊಳಗೆ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯಲ್ಲಿ, ಅಂದರೆ ಎಫ್‌ಆರ್‌ಆರ್‌ಒದಲ್ಲಿ, ಹೆಸರು ನೋಂದಾಯಿಸಬೇಕು. 2018ರಿಂದ ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲುತ್ತದೆ. ಅದಕ್ಕೆ ಕಾಲೇಜಿನ ಬೋನಫೈಡ್ ಪತ್ರವೂ ವಿಳಾಸದ ದಾಖಲೆಯೂ ಬೇಕು. ವಿದೇಶಿಯರನ್ನು ಇಟ್ಟುಕೊಂಡ ಹಾಸ್ಟೆಲ್ ಅಥವಾ ಮನೆ ಮಾಲೀಕರು 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಬೇಕು. ಬಾಡಿಗೆ ಲೆಕ್ಕ ತೋರಿಸಲು ಒಲ್ಲದ ಮಾಲೀಕ ಅಗ್ರಿಮೆಂಟ್‌ಗೆ ಸಹಿ ಹಾಕದಿದ್ದರೆ, ತಪ್ಪೇ ಮಾಡದ ವಿದ್ಯಾರ್ಥಿಯ ನೋಂದಣಿ ನಿಂತುಹೋಗುತ್ತದೆ. ಭಾರತಕ್ಕೆ ಅತಿ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸುವ ನೇಪಾಳದವರಿಗೆ ವೀಸಾ ಬೇಕಿಲ್ಲ. ಆದ್ದರಿಂದ ಈ ಓಡಾಟದ ಭಾರವೆಲ್ಲ ದೂರದ ದೇಶಗಳವರ ಮೇಲೆಯೇ ಬೀಳುತ್ತದೆ.

ಕಾಲೇಜು ನೆರವಾಗಬೇಕಾದದ್ದು ಇಲ್ಲಿಯೇ. ವಿದೇಶಿಯರಿರುವ ಪ್ರತಿ ಸಂಸ್ಥೆಯೂ ಅವರಿಗಾಗಿ ಪ್ರತ್ಯೇಕ ಕಚೇರಿ ತೆರೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಪ್ರವೇಶದ ಹೊತ್ತಿಗೆ ಫೀಸು ಕಟ್ಟಿಸಿಕೊಳ್ಳುವ ಕೌಂಟರ್ ಆಗಿ ಉಳಿದರೆ ಅಂಥ ಕಚೇರಿಯಿಂದ ಪ್ರಯೋಜನವಿಲ್ಲ. ವೀಸಾ ಮುಗಿಯುವ ದಿನಾಂಕವನ್ನು ಮೊದಲೇ ನೆನಪಿಸುವುದು, ಮೊದಲ ವರ್ಷ ಹಾಸ್ಟೆಲ್‌ನಲ್ಲಿ ಜಾಗ ಖಾತ್ರಿ ಮಾಡುವುದು, ಮನೆ ಮಾಲೀಕರನ್ನು ಕರೆಸಿ ವಿವರದ ಫಾರಂ ತುಂಬಿಸುವುದು ಅದರ ಕೆಲಸ. ವಿದ್ಯಾರ್ಥಿ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ ಎಂಬುದನ್ನೂ ಪ್ರವೇಶಕ್ಕೆ ಮುಂಚೆಯೇ ತಿಳಿಸಬೇಕು. ಸಂಪಾದಿಸಿ ಫೀಸು ಕಟ್ಟಬಹುದೆಂದು ನಂಬಿ ಬಂದವರು ಅರ್ಧಕ್ಕೇ ಓದು ಬಿಡುತ್ತಾರೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಆಡುವಷ್ಟು ಕನ್ನಡ ಕಲಿಸುವುದಕ್ಕೆ ಖರ್ಚು ಕಡಿಮೆ, ಫಲ ಹೆಚ್ಚು.

ಈ ಹೊಣೆ ಗೇಟಿನೊಳಗೇ ಮುಗಿಯುವುದಿಲ್ಲ ಎಂಬುದಕ್ಕೆ 2016ರ ಜನವರಿ 31ರ ರಾತ್ರಿ ಹೆಸರಘಟ್ಟ ರಸ್ತೆಯಲ್ಲಿ ನಡೆದದ್ದೇ ಸಾಕ್ಷಿ. ಸುಡಾನ್ ದೇಶದ ವಿದ್ಯಾರ್ಥಿಯೊಬ್ಬ ಓಡಿಸುತ್ತಿದ್ದ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿಗಳ ಕಾರನ್ನು ಗುಂಪೊಂದು ತಡೆಯಿತು. ಅಪಘಾತಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಗುಂಪು ಕಾರಿಗೆ ಬೆಂಕಿ ಹಚ್ಚಿತು, ಅದರಲ್ಲಿದ್ದ ಯುವತಿಯನ್ನು ಹೊಡೆದು ಬಟ್ಟೆ ಹರಿಯಿತು. ತಾಂಜಾನಿಯಾ ಪ್ರತಿಭಟಿಸಿತು, ಅದರ ಹೈಕಮಿಷನರ್ ಬೆಂಗಳೂರಿಗೆ ಬಂದರು. ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಕಠಿಣ ಕ್ರಮಕ್ಕೆ ಸೂಚಿಸಿದರು. ಹಲವರ ಬಂಧನವಾಯಿತು, ಕೆಲವು ಪೊಲೀಸರು ಅಮಾನತಾದರು. ಸತ್ತ ಮಹಿಳೆಯ ಕುಟುಂಬದ ನೋವು ಸಣ್ಣದಲ್ಲ. ಆದರೆ ಬಣ್ಣ ನೋಡಿ ಸೇಡು ತೀರಿಸಿಕೊಂಡದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಊರವರಿಗೂ ದೂರುಗಳಿರುತ್ತವೆ: ವೇಗದ ಬೈಕು, ತಡರಾತ್ರಿಯ ಗದ್ದಲ. ಅವನ್ನು ಕೇಳುವವರೇ ಇಲ್ಲದಿದ್ದಾಗ ಸಿಟ್ಟು ಬೆಳೆಯುತ್ತದೆ. ಕಾಲೇಜು, ಠಾಣೆ, ಮನೆ ಮಾಲೀಕರು ಮತ್ತು ವಿದ್ಯಾರ್ಥಿ ಪ್ರತಿನಿಧಿಗಳು ತಿಂಗಳಿಗೊಮ್ಮೆ ಒಟ್ಟಿಗೆ ಕೂತರೆ ಬಹುಪಾಲು ಜಗಳ ಅಲ್ಲಿಯೇ ತೀರುತ್ತದೆ.

ದೂರದ ದೇಶದ ಹುಡುಗಿಯೊಬ್ಬಳು ಕಾಲೇಜು ಆರಿಸುವಾಗ ಕರಪತ್ರಕ್ಕಿಂತ ಅಲ್ಲಿ ಓದುತ್ತಿರುವ ತನ್ನೂರಿನವರ ಮಾತನ್ನು ನಂಬುತ್ತಾಳೆ. ಆದ್ದರಿಂದ ಏಜೆಂಟರ ಕಮಿಷನ್‌ಗೆ ಹಣ ತೆಗೆದಿಡುವ ಕಾಲೇಜುಗಳು, ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತುವ, ಠಾಣೆಗೆ ಜೊತೆಯಲ್ಲಿ ಹೋಗುವ ಒಬ್ಬ ಅಧಿಕಾರಿಗೆ ಮೊದಲು ಸಂಬಳ ಕೊಡಲಿ.