ಪಿಯಾಟ್ ಹಿಡಿದ ಗಂಜು ಲಾಮಾ

1944ರ ಜೂನ್ 12. ಮಣಿಪುರದ ನಿಂಗ್‌ಥೌಖೋಂಗ್ ಬಳಿ ಜಪಾನಿ ಟ್ಯಾಂಕುಗಳು ಮುನ್ನುಗ್ಗಿದ್ದವು. 7ನೇ ಗೂರ್ಖಾ ರೈಫಲ್ಸ್‌ನ ಸಿಕ್ಕಿಂ ಯುವಕ ಗಂಜು ಲಾಮಾ ಪಿಯಾಟ್ ಎಂಬ ಟ್ಯಾಂಕ್ ನಿರೋಧಕ ಆಯುಧ ಹಿಡಿದು ತೆವಳುತ್ತ ಹೊರಟರು.

ಸುಮಾರು 15 ಕಿಲೋ ತೂಕದ ಈ ಬ್ರಿಟಿಷ್ ಆಯುಧ ರಣರಂಗಕ್ಕಿಳಿದದ್ದು 1943ರಲ್ಲಿ. ಒಳಗಿನ ಸ್ಪ್ರಿಂಗ್ ಚಿಮ್ಮಿಸಿದ ಸರಳು ಬಾಂಬಿನ ಬಾಲದಲ್ಲಿದ್ದ ಮದ್ದನ್ನು ಸಿಡಿಸಿ ಬಾಂಬನ್ನು ಹಾರಿಸುತ್ತಿತ್ತು. ಆ ಸ್ಪ್ರಿಂಗನ್ನು ಮೊದಲು ಬಿಗಿಯಲು ಸೈನಿಕ ಎರಡೂ ಪಾದ ಊರಿ, ಮೈಬಲವನ್ನೆಲ್ಲ ಹಾಕಿ ಎಳೆಯಬೇಕಿತ್ತು. ಬಝೂಕಾ ರಾಕೆಟ್ ಲಾಂಚರಿನಂತೆ ಹಿಂದಕ್ಕೆ ಬೆಂಕಿ ಉಗುಳದ ಕಾರಣ ಅಡಗುತಾಣ ಸುಲಭಕ್ಕೆ ಬಯಲಾಗುತ್ತಿರಲಿಲ್ಲ. ಆದರೆ ಗುರಿ ತೀರಾ ಹತ್ತಿರವಿರಬೇಕಿತ್ತು.

ಆ ದಿನ ಗಂಜು ಅವರ ಎಡ ಮಣಿಕಟ್ಟು ಮುರಿದಿತ್ತು. ಬಲಗೈಗೂ ಕಾಲಿಗೂ ಗಾಯ. ಆದರೂ ಅವರು 30 ಗಜದ ಒಳಗೆ ನುಗ್ಗಿ ಎರಡು ಟ್ಯಾಂಕುಗಳನ್ನು ಒಂದರ ಹಿಂದೊಂದರಂತೆ ಧ್ವಂಸ ಮಾಡಿದರು. ಆ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಸಂದಿತು. ಸ್ವಾತಂತ್ರ್ಯಾನಂತರ ಅವರು ಭಾರತೀಯ ಸೇನೆಯ 11ನೇ ಗೂರ್ಖಾ ರೈಫಲ್ಸ್‌ನಲ್ಲಿ ಸೇವೆ ಮುಂದುವರಿಸಿದರು.